ಗೆರೊಂಟಿಯ ಹಾರೈಕೆಗಳೂ ಅನಾಮಿಕ ಮುಳ್ಳುಹಂದಿಯೂ

ಹೊಟ್ಟೆಪಾಡಿಗಾಗಿ ಹೇಳಿದ ಸುಳ್ಳನ್ನು ದೇವರು ಕ್ಷಮಿಸುತ್ತಾನಂತೆ. ಹೊಟ್ಟೆ ತುಂಬಿದ ಮೇಲೆ ಹೇಳಿದ ಸುಳ್ಳನ್ನು ಮಾತ್ರ ಬೀಗರು ಸಾಯುವ ತನಕ ನೆನಪಿಟ್ಟುಕೊಳ್ಳುತ್ತಾರೆ. ಕುತಾಯಿಸಿ ಊರಿನ ನೀರಿನ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಗುಮಾಸ್ತನಾಗಿರುವ ಗೆರೊಂಟಿ ಹೇಳಿದ್ದು ಈ ಎರಡನೆಯ ಜಾತಿಯ ಸುಳ್ಳು. ಅದೂ ಕೋಳಿಯ ಅಕ್ರೋಟು ಗೊಜ್ಜನ್ನು ಎರಡು ಸಲ ಬಡಿಸಿಕೊಂಡು, ಮೂರನೆಯ ಲೋಟ ದ್ರಾಕ್ಷಾರಸ ಇಳಿಸಿದ ಮೇಲೆ.

ಅವನು ಹೆಂಡತಿ ಲಾಮಾರಾಳೊಂದಿಗೆ ಜೆಸ್ತಪೋನಿಗೆ ಹೋಗಿದ್ದ, ಮಗಳು ಮಾಗ್ದಾಳ ನಿಶ್ಚಿತಾರ್ಥದ ಮಾತುಕತೆಗೆ. ಹುಡುಗ ಜಾಬಾ ಬಂಗಾರದಂಥವನು. ಕಷ್ಟವೆಲ್ಲ ಹುಡುಗನ ಅಪ್ಪ ಎಲ್ಗುಜಾ ಅವರದು. ಮೂವತ್ತು ವರ್ಷದಿಂದ ಇಮೆರೇತಿ ಸೀಮೆಗೆಲ್ಲ ಹೆಸರಾದ ತಮಾದಾ ಅವರು. ತಮಾದಾ ಇಲ್ಲದೆ ಆ ಕಡೆ ಔತಣವೇ ಇಲ್ಲ. ಮೇಜಿನ ತುದಿಯಲ್ಲಿ ಎದ್ದು ನಿಂತು ಶಾಂತಿಗೆ, ನಾಡಿಗೆ, ಜೋಡಿಗೆ, ಸತ್ತವರಿಗೆ, ಹುಟ್ಟಲಿರುವವರಿಗೆ ಎಂದು ಇಪ್ಪತ್ತು ಬಗೆಯ ಹಾರೈಕೆ ಹೇಳಬೇಕು. ಅವನು ಹೇಳುವ ತನಕ ಯಾರೂ ಲೋಟ ಮುಟ್ಟುವ ಹಾಗಿಲ್ಲ. ಹೇಳಿದ್ದನ್ನೇ ಇನ್ನೊಮ್ಮೆ ಹೇಳುವ ಹಾಗಿಲ್ಲ. ಬರೆದುಕೊಂಡು ಓದುವುದಂತೂ ಸತ್ತರೂ ಇಲ್ಲ.

"ನಿಶ್ಚಿತಾರ್ಥ ನಿಮ್ಮನೇಲಿ," ಎಂದರು ಎಲ್ಗುಜಾ. "ತಮಾದಾ ಯಾರು, ಬೀಗರೇ?"

"ನೀವಿರುವಾಗ ಇನ್ಯಾರು?" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹಾಗೆ ಹೇಳಲೆಂದೇ ಲಾಮಾರಾ ಮೇಜಿನ ಕೆಳಗೆ ಗಂಡನ ಕಾಲನ್ನು ಒದ್ದಳು. ಗೆರೊಂಟಿ ಅದನ್ನು ಪ್ರೋತ್ಸಾಹ ಎಂದುಕೊಂಡ.

"ನಮ್ಮನೇಲಿ ಹೊರಗಿನೋರನ್ನ ಕರೆಯೋ ಪದ್ಧತಿ ಇಲ್ಲ ಬೀಗರೇ. ನಮ್ಮಜ್ಜ ಮಾಡ್ತಿದ್ರು, ನಮ್ಮಪ್ಪ ಮಾಡ್ತಿದ್ರು, ಈಗ ನಾನು."

ಅವನ ಅಪ್ಪ ಜೇನು ಸಾಕುತ್ತಿದ್ದವರು. ಜೇನುಹುಳುಗಳನ್ನು ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡಿದ್ದನ್ನು ಕಂಡವರಿಲ್ಲ.

ಎಲ್ಗುಜಾ ಎದ್ದು ಬಂದು ಗೆರೊಂಟಿಯ ಎರಡೂ ಕೆನ್ನೆಗೆ ಮುತ್ತಿಟ್ಟರು. "ದೇವರು ದೊಡ್ಡವನು! ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಕೊಂಡು ಬರೀ ಕುಡೀತೀನಿ. ಹೋದ ವರ್ಷ ಸಮ್ತ್ರೆದಿಯಾದಲ್ಲಿ ಒಂದು ಮದುವೆ. ತಮಾದಾ ಅನ್ನಿಸ್ಕೊಂಡೋನು ಜೇಬಿಂದ ಚೀಟಿ ತೆಗೆದ. ಚೀಟಿ! ಲೋಟ ಬೋರಲು ಹಾಕಿದೆ, ಹೆಂಡತಿ ಮಗನ್ನ ಎಬ್ಬಿಸ್ದೆ, ಕಾರು ಹತ್ತಿದೆ. ಚೀಟಿ ಓದೋ ಮನೇಲಿ ನಾನು ನೀರೂ ಮುಟ್ಟಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಲಾಮಾರಾ ತುಟಿ ಬಿಚ್ಚಲಿಲ್ಲ. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ. ಬಾಗಿಲ ಬೀಗ ತೆಗೆದ ಮೇಲೆ ತುಟಿಯ ಬೀಗವೂ ತೆರೆಯಿತು.

"ಅಲ್ಲ ಮಹಾರಾಯ, ಮೂವತ್ತು ವರ್ಷದಲ್ಲಿ ಊಟದ ಮೇಜಲ್ಲಿ ನೀನಾಡಿರೋ ದೊಡ್ಡ ಮಾತು ಅಂದ್ರೆ 'ಉಪ್ಪು ಈ ಕಡೆ ಕೊಡಿ' ಅನ್ನೋದು. ಅದನ್ನೂ ಎರಡು ಸಲ ಹೇಳ್ತೀಯ, ಮೊದಲನೇ ಸಲ ಯಾರಿಗೂ ಕೇಳಿಸಲ್ಲ."

"ಬೀಗರ ಮುಂದೆ ಕೀಳಾಗಬಾರದು ಅಂತ..."

"ಈಗ ಮೇಲಾದ್ಯಲ್ಲ, ಅಲ್ಲಿಂದ ಬೀಳು!"

ಮಾಗ್ದಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಕೂಗಾಡಲಿಲ್ಲ, ರೋಗವನ್ನು ಕೇಳಿ ತಿಳಿದುಕೊಂಡಳು. "ಅಪ್ಪಾ, ಇದು ನನ್ನ ಮದುವೆ. ನೀನು ಚೀಟಿ ತೆಗೆದ್ರೆ ಅವರಪ್ಪ ಎದ್ದು ಹೋಗ್ತಾರೆ. ಅವರ ಹಿಂದೆ ಜಾಬಾನೂ ಹೋಗ್ತಾನೆ. ಅಳ್ತಾ ಹೋಗ್ತಾನೆ, ಆದ್ರೆ ಹೋಗ್ತಾನೆ. ಗೊತ್ತಾಯ್ತಾ?"

ಗೆರೊಂಟಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮಗಳಿಗೇ ಪಾಪ ಅನ್ನಿಸಿ, ಅಪ್ಪನ ಫೋನಿನಲ್ಲಿ ಒಂದು ಆನ್‌ಲೈನ್ ಹಾಳೆ ತೆರೆದುಕೊಟ್ಟಳು. ಹಾರೈಕೆಗಳನ್ನು ಈಗಿನಿಂದಲೇ ಅದರಲ್ಲಿ ಬರೆದು ಬರೆದು ಬಾಯಿಪಾಠ ಮಾಡು. ಕಚೇರಿಯ ಕಂಪ್ಯೂಟರಿನಲ್ಲಿ ಬರೆ, ಬಸ್ಸಿನಲ್ಲಿ ಫೋನಿನಲ್ಲಿ ತಿದ್ದು, ಮನೆಗೆ ಬಂದು ಅಡುಗೆಮನೆಯ ಟ್ಯಾಬಿನಲ್ಲಿ ಓದು, ಎಲ್ಲ ಕಡೆಯೂ ಇರುವುದು ಒಂದೇ ಹಾಳೆ ಎಂದಳು.

ಗೆರೊಂಟಿ ನಂಬಲಿಲ್ಲ. ಮಲಗುವ ಕೋಣೆಯಲ್ಲಿ ಫೋನಿನ ಮೇಲೆ "ಶಾಂತಿ" ಎಂದು ಬರೆದು ಅಡುಗೆಮನೆಗೆ ಓಡಿದ. ಟ್ಯಾಬಿನಲ್ಲಿ ಶಾಂತಿ ಇತ್ತು. ಅಳಿಸಿ ಮಲಗುವ ಕೋಣೆಗೆ ಓಡಿದ. ಅಲ್ಲಿ ಶಾಂತಿ ಇರಲಿಲ್ಲ. ಹೀಗೆ ಏಳು ಸಲ ಓಡಿದ ಮೇಲೆ ಲಾಮಾರಾ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಮರುದಿನ ಕಚೇರಿಯಿಂದಲೇ ಅವಳಿಗೆ ಫೋನ್ ಮಾಡಿದ.

"ಟ್ಯಾಬ್ ನೋಡು. ಬಂತಾ?"

"ಬಂತು."

"ಏನಂತ ಬಂತು?"

"'ಬಂತಾ' ಅಂತ ಬಂತು. ನಿನಗೆ ಅಲ್ಲಿ ಕೆಲಸ ಕೊಡಲ್ವಾ?"

ಕೊಡುತ್ತಿದ್ದರು. ಹೊಸ ಮೀಟರುಗಳ ವರದಿ ಬರೆಯಲು ಕೊಟ್ಟಿದ್ದರು. ಆ ವಾರ ಮೇಲಧಿಕಾರಿ ತ್ಸಿಯಾಲಾ ಮೇಡಂ ಅವನನ್ನು ಒಳಗೆ ಕರೆದರು. ಎದುರಿನ ಪರದೆಯನ್ನು ನೋಡುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. "ಗೆರೊಂಟಿ, ನೀವು ಕಳಿಸಿದ ವರದಿ ಓದಿದೆ. ತಾಯಿಯ ಮಡಿಲಿನ ಬಗ್ಗೆ ಬರೆದಿದ್ದೀರಲ್ಲ, ಎರಡನೇ ಪುಟ, ನನಗೆ ಅಳು ತಡಿಯೋಕಾಗ್ಲಿಲ್ಲ. ಆದರೆ ಮೀಟರು ಎಲ್ಲಿ?" ಗೆರೊಂಟಿ ಬೆವರು ಒರೆಸಿಕೊಂಡು ಮೀಟರಿನ ಹಾಳೆಯ ಲಿಂಕು ಕಳಿಸಿದ. ಅದನ್ನು ಓದಿ ಮೇಡಂ, ಇದರಲ್ಲೂ ಸ್ವಲ್ಪ ಭಾವನೆ ಇರಲಿ ಎಂದು ಟಿಪ್ಪಣಿ ಹಾಕಿದರು.

ಮನೆಯಲ್ಲಿ ಇನ್ನೊಂದು ತೊಡಕು. ಹಾಳೆ ಹೇಗೂ ಸದಾ ತೆರೆದಿರುತ್ತದೆ, ಗಂಡ ಹೇಗೂ ಸದಾ ಅದನ್ನೇ ನೋಡುತ್ತಿರುತ್ತಾನೆ ಎಂದು ಕಂಡುಕೊಂಡ ಲಾಮಾರಾ, ಹೇಳುವುದನ್ನೆಲ್ಲ ಅದರಲ್ಲೇ ಹೇಳತೊಡಗಿದಳು. ಗೆರೊಂಟಿ ಕನ್ನಡಿಯ ಮುಂದೆ ನಿಂತು ಫೋನು ಹಿಡಿದು ಅಭ್ಯಾಸ ಮಾಡುತ್ತಿದ್ದ: "ಓ ನನ್ನ ನಾಡೇ! ನಿನ್ನ ಬೆಟ್ಟಗಳ ನೆತ್ತಿಯ ಮೇಲೆ ಅಕ್ರೋಟು ಅರ್ಧ ಕಿಲೊ, ಸಿಪ್ಪೆ ಸುಲಿದದ್ದು, ಹೋದ ಸಲದ ಅಂಗಡಿ ಬೇಡ." ಎರಡು ಸಲ ಹೀಗೇ ಬಾಯಿಪಾಠವಾಗಿ ಹೋಯಿತು. ಮೂರನೆಯ ಸಲ ಅನುಮಾನ ಬಂತು.

ಭಾಷೆಯನ್ನು ಸರಿಮಾಡಲು ಲಾಮಾರಾಳ ತಂಗಿ ನಾಜಿಬ್ರೊಲಾಳಿಗೂ ಹಾಳೆ ಹೋಯಿತು. ಅವಳು ಹನ್ನೊಂದು ವರ್ಷದಿಂದ ಗ್ರೀಸಿನ ಥೆಸ್ಸಲೊನೀಕಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಂಡು ಇರುವವಳು. ಊರಿನ ಒಂದು ಔತಣವನ್ನೂ ಉಣ್ಣದೆ ಹನ್ನೊಂದು ವರ್ಷದ ಮಾತು ಅವಳ ಹೊಟ್ಟೆಯಲ್ಲಿ ಕೂತಿತ್ತು. ಅಂಚಿನ ತುಂಬ ಟಿಪ್ಪಣಿ ಬರೆದಳು. "ಭಾವ, ಇದು ಹಾರೈಕೆಯೋ ನೀರಿನ ಬಿಲ್ಲೋ?" "ಭಾವ, 'ಸದರಿ ವಧು-ವರರು' ಅಂತ ಯಾರಾದ್ರೂ ಅಂತಾರಾ?" ಗೆರೊಂಟಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದ ಸಾಲನ್ನು ಅವಳು ಗ್ರೀಸಿನಲ್ಲಿ ಕೂತು, ಅವನ ಕಣ್ಣೆದುರಿಗೇ, ಬಾಲದಿಂದ ಹಿಡಿದು ಅಳಿಸಿಕೊಂಡು ಬರುತ್ತಿದ್ದಳು. ಅವನು ಬಸ್ಸಿನಲ್ಲೇ "ಬಿಡೇ, ಬಿಡೇ!" ಎಂದು ಕೂಗಿದ್ದಕ್ಕೆ, ಪಕ್ಕದಲ್ಲಿ ಕೂತಿದ್ದ ಹೆಂಗಸು ಜಾಗ ಬದಲಾಯಿಸಿದಳು.

ಏನೇ ಆಗಲಿ, ಹಾಳೆ ತಯಾರಾಯಿತು. ಹಾಳೆ ತಯಾರಾಯಿತೇ ಹೊರತು ಗೆರೊಂಟಿ ಆಗಲಿಲ್ಲ. ಒಂದು ಸಾಲೂ ತಲೆಯಲ್ಲಿ ನಿಲ್ಲಲಿಲ್ಲ. ನಿಶ್ಚಿತಾರ್ಥದ ಹಿಂದಿನ ದಿನ ಮಗಳ ಕೈ ಹಿಡಿದುಕೊಂಡು, "ಫೋನನ್ನ ಸೊಪ್ಪಿನ ಹಿಂದೆ ಇಟ್ಕೋತೀನಿ ಕಣೇ. ಫೋನು ಚೀಟಿ ಅಲ್ಲವಲ್ಲ," ಎಂದ. ಮಾಗ್ದಾ ಅಪ್ಪನ ಮುಖ ನೋಡಿ, "ಸೊಪ್ಪು ಜಾಸ್ತಿ ತರಿಸ್ತೀನಿ," ಎಂದಳು.

ಇನ್ನು, ಗೆರೊಂಟಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮಗೆ ಹೇಳಿಬಿಡಬೇಕು. ಔತಣದ ದಿನ, ಭಾನುವಾರ ಬೆಳಿಗ್ಗೆ, ನಾಜಿಬ್ರೊಲಾ ಕೊನೆಯ ಸಲ ತಿದ್ದಿ, ಅಕ್ಕನಿಗೆಂದು ಲಿಂಕು ಕಳಿಸಿದಳು. ಅದು ಹೋಗಿದ್ದು ಅಕ್ಕನಿಗಲ್ಲ. ಎರಡೂ ಕಡೆಯ ಬಂಧುಗಳೆಲ್ಲ ಇದ್ದ ನಿಶ್ಚಿತಾರ್ಥದ ಗುಂಪಿಗೆ. ಅರವತ್ತೆರಡು ಜನ. ಕಳಿಸಿದವಳು ಮುದುಕಿಯನ್ನು ಕರೆದುಕೊಂಡು ಚರ್ಚಿಗೆ ಹೋದಳು. ಲಿಂಕು ಇದ್ದವರು ಯಾರು ಬೇಕಾದರೂ ಬರೆಯಬಹುದಾಗಿತ್ತು. ಔತಣದ ಗಡಿಬಿಡಿಯಲ್ಲಿದ್ದ ಗೆರೊಂಟಿಯ ಮನೆಯವರನ್ನು ಬಿಟ್ಟು ಉಳಿದವರೆಲ್ಲ ತೆರೆದು ನೋಡಿದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಇಮೆರೇತಿಯವರು ಭಾರಿ ಮರ್ಯಾದಸ್ಥರು, ಉಣ್ಣಿಸುವವನ ಮಾನ ಕಳೆಯುವುದಿಲ್ಲ. ಆದರೆ ತೆರೆದ ಹಾಳೆಯಲ್ಲಿ ತಮ್ಮದೊಂದು ಸಾಲು ಸೇರಿಸದೆ ಬಿಡುವಷ್ಟು ಮರ್ಯಾದೆ ಯಾವ ಸೀಮೆಯವರಿಗೂ ಇಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಔತಣ ಶುರುವಾಯಿತು. ಮೇಜಿನ ತುದಿಯಲ್ಲಿ ಗೆರೊಂಟಿ. ಅವನ ಮುಂದೆ ಕೊತ್ತಂಬರಿ ಸೊಪ್ಪಿನದೊಂದು ಗುಡ್ಡ. ಗುಡ್ಡದ ಹಿಂದೆ, ಹೂಜಿಗೆ ಒರಗಿಸಿದ ಫೋನು. ಎದುರಿಗೆ ಎಲ್ಗುಜಾ, ಕಪ್ಪು ಕೋಟು, ಕತ್ತಿನವರೆಗೂ ಗುಂಡಿ. ಮೇಜಿನ ಆ ತುದಿಯಲ್ಲಿ ಹೆಂಗಸರ ನಡುವೆ ಅವರ ಹೆಂಡತಿ ಗುಲಿಕೊ, ಮಾತು ಕಡಿಮೆಯ ಹೆಂಗಸು. ಗೆರೊಂಟಿಯ ಪಕ್ಕದಲ್ಲಿ ನೆರೆಮನೆಯ ಬಿಚಿಕೊ. ಆ ಬೀದಿಯ ಎಲ್ಲ ಔತಣಕ್ಕೂ ತಾನೇ ತಮಾದಾ ಆಗಿದ್ದವನು, ಈ ಸಲ ತನ್ನನ್ನು ಕೇಳಲಿಲ್ಲವೆಂದು ಬೆಳಿಗ್ಗೆಯಿಂದ ಹೊಟ್ಟೆಯುರಿ. ಬಂಧುವಲ್ಲವಾದ್ದರಿಂದ ಗುಂಪಿನಲ್ಲಿ ಇರಲಿಲ್ಲ. ಇಡೀ ಮೇಜಿನಲ್ಲಿ ಲಿಂಕು ಇಲ್ಲದವನು ಅವನೊಬ್ಬನೇ.

ಮೊದಲನೆಯ ಹಾರೈಕೆ ಶಾಂತಿಗೆ. ಗೆರೊಂಟಿ ಸೊಪ್ಪಿನ ಕಡೆ ಪ್ರೀತಿಯಿಂದ ನೋಡುತ್ತಾ ತಪ್ಪಿಲ್ಲದೆ ಒಪ್ಪಿಸಿದ. "ಗೌಮರ್ಜೋಸ್, ಜಯವಾಗಲಿ!" ಎಂದು ಮೇಜು ಗರ್ಜಿಸಿತು. ಎಲ್ಗುಜಾ "ಹೂಂ" ಎಂದು ಕುಡಿದರು.

ಎರಡನೆಯದು ನಾಡಿಗೆ. "ಓ ನನ್ನ ನಾಡೇ! ಸಾವಿರ ವರ್ಷ ಶತ್ರುಗಳು ಬಂದರು, ಶತ್ರುಗಳು ಹೋದರು. ನಿನ್ನ ಮಕ್ಕಳು ಕತ್ತಿ ಹಿಡಿದು ನಿಂತರು. ಬೇಗ ಮುಗಿಸು, ಮಾಂಸ ತಣ್ಣಗಾಗ್ತಿದೆ."

ಓದಿ ಮುಗಿದ ಮೇಲೆ ಅದು ಅಡುಗೆಮನೆಯಿಂದ ಬಂದ ಸಾಲು ಎಂದು ಗೆರೊಂಟಿಗೆ ಹೊಳೆಯಿತು. ಬಿಚಿಕೊನ ಕಿವಿ ನೆಟ್ಟಗಾದವು. ಆಗ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗುರುತು ಮೂಡಿತು: ಅನಾಮಿಕ ಮುಳ್ಳುಹಂದಿ. ಹೆಸರು ಕೊಡದೆ ಹಾಳೆಯೊಳಗೆ ಬಂದವರಿಗೆ ಆ ಹಾಳೆಯೇ ಒಂದೊಂದು ಪ್ರಾಣಿಯ ಹೆಸರಿಡುತ್ತದೆ. ಮುಳ್ಳುಹಂದಿ ಸರಸರನೆ ಒಂದು ಸಾಲು ಬರೆಯಿತು. ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಗೆರೊಂಟಿ ಅದನ್ನೇ ಓದಿದ: "ಹೌದು! ಕಾಳಗದಲ್ಲಿ ನಿಂತ ಪ್ರತಿ ಮಗನ ಕಿವಿಯಲ್ಲಿ ನಾಡು ಹೇಳಿದ್ದು ಇದನ್ನೇ. ಜಗಳ ಬೇಗ ಮುಗಿಸು ಮಗನೇ, ಮನೆಯಲ್ಲಿ ತಾಯಿ ಊಟಕ್ಕೆ ಕಾಯುತ್ತಿದ್ದಾಳೆ!"

ಮೇಜು ಎದ್ದು ನಿಂತಿತು. ಇಬ್ಬರು ಹೆಂಗಸರು ಅತ್ತರು. "ಆಹಾ!" ಎಂದರು ಎಲ್ಗುಜಾ, ತಲೆ ಅಲ್ಲಾಡಿಸುತ್ತಾ. "ಏನು ಮಾತು! ಇಂಥ ಮಾತು ಕೇಳಿ ಎಷ್ಟು ವರ್ಷ ಆಗಿತ್ತು!"

ನಾಜಿಬ್ರೊಲಾ ಯಾವುದೋ ಬೇರೆ ಫೋನಿನಿಂದ ಮುಳ್ಳುಹಂದಿಯಾಗಿ ಬಂದಿದ್ದಾಳೆ ಎಂದುಕೊಂಡ ಗೆರೊಂಟಿ. ಮನಸ್ಸಿನಲ್ಲೇ ನಾದಿನಿಗೆ ಕೈಮುಗಿದ.

ಆಮೇಲೆ ಬಂತು ಅಗಲಿದವರ ಹಾರೈಕೆ. ಎಲ್ಲರೂ ಎದ್ದು ನಿಂತು, ರೊಟ್ಟಿಯ ಮೇಲೆ ಎರಡು ಹನಿ ದ್ರಾಕ್ಷಾರಸ ಚೆಲ್ಲಿ, ಹೆಸರು ಹೇಳುವವರೆಗೂ ಕಾಯಬೇಕು. ಗೆರೊಂಟಿ ಬರೆದುಕೊಂಡಿದ್ದು ನಾಲ್ಕೇ ಹೆಸರು: ತನ್ನ ಅಪ್ಪ ಅಮ್ಮ, ಲಾಮಾರಾಳ ಅಪ್ಪ ಅಮ್ಮ. ನಾಲ್ಕನೆಯದನ್ನು ಓದುವಾಗ ಐದನೆಯದು ಹುಟ್ಟಿತು. ಐದು ಓದುವಷ್ಟರಲ್ಲಿ ಒಂಬತ್ತಾಯಿತು. ಅನಾಮಿಕ ಬಾತುಕೋಳಿ ತನ್ನ ಮಾವನನ್ನು ಸೇರಿಸಿತು. ಅನಾಮಿಕ ಒಂಟೆ ಮೂವರು ಸೋದರತ್ತೆಯರನ್ನು ಸಾಲಾಗಿ ನಿಲ್ಲಿಸಿತು. ಗುಂಪಿನಲ್ಲಿ ಇದ್ದವರೆಲ್ಲ ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯನ್ನು ಮೇಜಿನ ಕೆಳಗೆ ಬಿಟ್ಟುಕೊಂಡು, ಆಕಾಶ ನೋಡುತ್ತಾ ನಿಂತಿದ್ದರು. ತಮ್ಮವರ ಹೆಸರು ಬಂದಾಗ, ತಾವು ಕನಸಲ್ಲೂ ಎಣಿಸಿರಲಿಲ್ಲವೆಂಬಂತೆ ಎದೆ ಮುಟ್ಟಿಕೊಳ್ಳುತ್ತಿದ್ದರು.

"ನಮ್ಮಪ್ಪನ ಹೆಸರೂ ಗೊತ್ತಾ ಈ ಮನುಷ್ಯಂಗೆ!"

"ನಮ್ಮ ದೊಡ್ಡಜ್ಜಿದೂ ಹೇಳಿದ್ರು ಕಣ್ರೀ. ಏನು ನೆನಪಿನ ಶಕ್ತಿ!"

ದೂರದ ನೆಂಟಳೊಬ್ಬಳ ಮೊದಲನೆಯ ಗಂಡನ ಹೆಸರು ಬಂತು. ಪಕ್ಕದಲ್ಲಿ ನಿಂತಿದ್ದ ಎರಡನೆಯ ಗಂಡ, "ಇವತ್ತೂ ಬಂದ್ನಾ ಅವನು?" ಎಂದು ಲೋಟ ಬಿಗಿಯಾಗಿ ಹಿಡಿದ. ಒಂದು ಕುದುರೆಯ ಹೆಸರೂ ಬಂತು. ಅದು ಕುದುರೆ ಎಂದು ಗೆರೊಂಟಿಗೆ ತಿಳಿಯದೆ "ಮನೆಗೆ ಆಧಾರವಾಗಿದ್ದ ಹಿರಿಯ" ಎಂದುಬಿಟ್ಟ. ಮುಕ್ಕಾಲು ಗಂಟೆಯಾಯಿತು. ನಿಂತವರು ಕಾಲು ಬದಲಿಸತೊಡಗಿದರು. ಗೆರೊಂಟಿ ಎಪ್ಪತ್ತಮೂರನೆಯ ಹೆಸರನ್ನು ಗದ್ಗದ ಕಂಠದಿಂದ ಓದಿದ:

"ನಮ್ಮನ್ನಗಲಿದ ಲಾದಿಕೊ ಮಾವ, ಮಣ್ಣು ಅವರಿಗೆ ಹಗುರವಾಗಲಿ!"

"ಆಗಲಿ," ಎಂದು ಎಲ್ಲರ ಜೊತೆ ಲಾದಿಕೊ ಮಾವನೂ ಹೇಳಿ ಗುಟುಕು ಹಾಕಿದ. ಲಾಮಾರಾಳ ಸೋದರಮಾವ, ಎಂಬತ್ತಾರು ವರ್ಷ, ಮೇಜಿನ ನಡುವೆ ನಿಂತಿದ್ದ. ಗುಟುಕು ಗಂಟಲಿಗೆ ಇಳಿದ ಮೇಲೆ ಅವನಿಗೆ ಅರ್ಥವಾಯಿತು.

"ಯಾರೋ ಅದು? ನನ್ನನ್ನ ಹೂಳ್ತಿರೋದು ಯಾರೋ?"

"ಮಾವ, ಹೆಸರು ಇತ್ತು..." ಎಂದು ಗೆರೊಂಟಿ ತೊದಲಿದ.

"ಇರದೆ ಏನು, ನಾನೇ ಬರೆದದ್ದು! ಎಲ್ಲರೂ ಬರೀತಾ ಇದ್ರು. ಬಂದೋರ ಪಟ್ಟಿ ಅಂದ್ಕೊಂಡು ನಾನೂ ಬರೆದೆ!"

ಎಲ್ಲರೂ ಒಟ್ಟಿಗೆ ತಟ್ಟೆ ನೋಡತೊಡಗಿದರು. ಅಂಥಾ ಅಪರೂಪದ ತಟ್ಟೆಗಳೇನೂ ಅಲ್ಲ. ಮಾಗ್ದಾ ಜಾಬಾನ ತೋಳು ಹಿಡಿದುಕೊಂಡಳು. ಬಿಚಿಕೊನ ಮುಖದಲ್ಲಿ ಸೂರ್ಯ ಹುಟ್ಟಿದ.

"ಎಲ್ಲಿ ಬರೆದ್ರಿ ಅಜ್ಜಾ? ಸ್ವಲ್ಪ ಜೋರಾಗಿ ಹೇಳಿ, ಎಲ್ಲಿ ಬರೆದ್ರಿ?"

ಎಲ್ಗುಜಾ ಅವರ ಬಲಗೈ ಮೇಜಿನ ಕೆಳಗಿತ್ತು. ಎಡಗೈ ಲೋಟವನ್ನು ತಿರುಗಿಸುತ್ತಿತ್ತು. ಇನ್ನೊಂದು ಸುತ್ತು ತಿರುಗಿದರೆ ಲೋಟ ಬೋರಲು, ಮಗಳ ಬಾಳೂ ಬೋರಲು ಎಂದು ಗೆರೊಂಟಿಗೆ ಗೊತ್ತಿತ್ತು. ಬೇರೇನೂ ತೋಚದೆ ಸೊಪ್ಪಿನ ಕಡೆ ನೋಡಿದ. ಮುಳ್ಳುಹಂದಿ ಓಡುತ್ತಿತ್ತು. ಅವನು ಅದರ ಬಾಲ ಹಿಡಿದು ಓದಿದ:

"ಎಲ್ಲಿ ಬರೆದರು ಅಂತೀರಾ? ಸಾವಿನ ಪುಸ್ತಕದಲ್ಲಿ ಬರೆದರು! ತಮ್ಮ ಕೈಯಾರೆ! ನಾವು ಓದಿದೆವು, ಕುಡಿದೆವು, ರೊಟ್ಟಿಯ ಮೇಲೆ ಹನಿ ಬಿಟ್ಟೆವು. ಸಾವು ಈಗ ಆ ಹೆಸರಿನ ಮುಂದೆ ಗೆರೆ ಎಳೆದು, ಈತನ ಕೆಲಸ ಮುಗಿಯಿತು ಎಂದು ಪುಟ ತಿರುವಿಬಿಟ್ಟಿತು. ಲಾದಿಕೊ ಮಾವನ ಮನೆ ಬಾಗಿಲಿಗೆ ಅದು ಇನ್ನು ಬರುವುದೇ ಇಲ್ಲ!"

ಗೌಮರ್ಜೋಸ್ ಎಂಬ ಕೂಗಿಗೆ ಚಪ್ಪರದ ದ್ರಾಕ್ಷಿ ಉದುರಿತು. ಲಾದಿಕೊ ಮಾವ ಗಡ್ಡ ಸವರಿಕೊಂಡು, "ಹಾಗಿದ್ರೆ ಸರಿ, ನಮ್ಮ ಮುದುಕಿ ಹೆಸರೂ ಬರೀತೀನಿ," ಎಂದ. ಬಿಚಿಕೊ ಮತ್ತೆ ಬಾಯಿ ತೆರೆದಾಗ, ಜೆಸ್ತಪೋನಿ ಕಡೆಯ ಹೆಂಗಸೊಬ್ಬಳು ಅಷ್ಟಗಲದ ಚೀಸ್ ರೊಟ್ಟಿಯನ್ನು ಅದರೊಳಗೆ ತುರುಕಿ, "ತಿನ್ನಿ ಅಣ್ಣಾ, ಬಿಸಿ ಇದೆ," ಎಂದಳು.

ಈಗ ಉಳಿದದ್ದು ಬೀಗರ ಹಾರೈಕೆ. ಗೆರೊಂಟಿ ಬರೆದದ್ದು ಎರಡೇ ಸಾಲು: "ನಮ್ಮ ಬೀಗರು ಒಳ್ಳೆಯವರು. ಜೆಸ್ತಪೋನಿಯಿಂದ ಬಂದಿದ್ದಾರೆ." ಅವನು ಎದ್ದು ನಿಲ್ಲುವಷ್ಟರಲ್ಲಿ ಆ ಎರಡು ಸಾಲು ಮಾಯವಾದವು. ಮುಳ್ಳುಹಂದಿ ಹೊಸದಾಗಿ ಶುರುಮಾಡಿತ್ತು.

"ಇಮೆರೇತಿಯಲ್ಲಿ ಬೆಟ್ಟಗಳು ಬಹಳ," ಎಂದು ಓದಿದ ಗೆರೊಂಟಿ, "ಆದರೆ ಎಲ್ಗುಜಾ ಒಬ್ಬನೇ. ಅವನು ಮಾತಾಡಿದರೆ ಹಳೆಯ ವೈರಿಗಳು ಅಪ್ಪಿಕೊಳ್ಳುತ್ತಾರೆ. ಇಂಥ ಧೀರ ಇನ್ನೊಬ್ಬನಿಲ್ಲ, ಇಲಿ ಕಂಡರೆ ಮಾತ್ರ ಕುರ್ಚಿ ಹತ್ತುತ್ತಾನೆ."

ಎಲ್ಗುಜಾ ಅವರ ಮುಖ ಕೆಂಪಾಯಿತು. ಪರದೆಯಲ್ಲಿ ಒಂದು ಅನಾಮಿಕ ಜಿರಾಫೆ ನಿಂತಿತ್ತು. ಮುಳ್ಳುಹಂದಿ ತಿರುಗಿ ಬಂದು ಇಲಿಯನ್ನೂ ಕುರ್ಚಿಯನ್ನೂ ಒರೆಸಿಹಾಕಿತು. ಜನ ಚಪ್ಪಾಳೆ ತಟ್ಟಿ ನಗುತ್ತಿದ್ದುದರಿಂದ ಗೆರೊಂಟಿಗೆ ಉಸಿರಾಡಲು ಪುರಸೊತ್ತು ಸಿಕ್ಕಿತು. ಆಗ ಅವನಿಗೊಂದು ವಿಚಿತ್ರ ಕಾಣಿಸಿತು. ಯಾರೋ ಎಲ್ಗುಜಾಗೆ ಮಾಂಸದ ತಟ್ಟೆ ಕೊಟ್ಟರು. ಅವರು ಎರಡೂ ಕೈ ಮೇಲೆತ್ತಿ ತಟ್ಟೆ ಹಿಡಿದರು. ಮುಳ್ಳುಹಂದಿ ಪದದ ಅರ್ಧಕ್ಕೇ ನಿಂತಿತು. ತಟ್ಟೆ ಕೆಳಗಿಟ್ಟು ಬಲಗೈ ಮೇಜಿನ ಕೆಳಗೆ ಇಳಿಸಿದರು. ಮುಳ್ಳುಹಂದಿ ಮತ್ತೆ ಓಡಿತು.

ಗೆರೊಂಟಿ ಗುಮಾಸ್ತ. ಎರಡು ಸಲ ಪರೀಕ್ಷಿಸದೆ ಯಾವುದನ್ನೂ ಬರೆದುಕೊಳ್ಳುವವನಲ್ಲ.

"ಬೀಗರೇ, ಉಪ್ಪಿನಕಾಯಿ ತಗೊಳ್ಳಿ."

ಎಲ್ಗುಜಾ ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಳ್ಳುಹಂದಿ ನಿಂತಿತು.

"ಉಪ್ಪು ಬೇಕಾ ಬೀಗರೇ?"

"ಸಾಕು, ಸಾಕು. ನೀವು ಹಾರೈಕೆ ಮುಂದುವರಿಸಿ ಬೀಗರೇ!" ಎಂದರು ಎಲ್ಗುಜಾ ಅಸಹನೆಯಿಂದ. ಬಲಗೈ ಕೆಳಗಿಳಿಯಿತು.

ಗೆರೊಂಟಿ ಗಂಟಲು ಒಣಗಿದವನಂತೆ ನೀರು ಕುಡಿಯುತ್ತಾ, ಹೆಬ್ಬೆರಳಿನಿಂದ ಸೊಪ್ಪಿನ ಹಿಂದೆ ಒತ್ತಿದ: "ಬೀಗರೇ, ನೀವೇನಾ?" ಮುಳ್ಳುಹಂದಿ ಕದಲಲಿಲ್ಲ. ಎಲ್ಗುಜಾ ಚಪ್ಪರದ ಗೊನೆಗಳನ್ನು ಎಣಿಸುತ್ತಿದ್ದರು. ಆಮೇಲೆ ಮೆಲ್ಲಗೆ ಮೂರು ಪದ ಮೂಡಿತು: "ಇನ್ನೂ ಇದೆ, ಓದಿ."

ಗೆರೊಂಟಿ ಓದಿದ. ಈ ಸಲ ಸೊಪ್ಪಿಗೆ ಓದಲಿಲ್ಲ, ಎದುರಿಗಿದ್ದ ಮನುಷ್ಯನಿಗೆ ಓದಿದ. ಸಾಲು ಸಾಲಿಗೂ ತಲೆಯೆತ್ತಿ ಆ ಮುಖ ನೋಡಿದ. "ಮೂವತ್ತು ವರ್ಷ ಊರೂರು ಅಲೆದು ಮಂದಿಯ ಮಕ್ಕಳಿಗೆ ಒಳ್ಳೆಯದಾಗಲಿ ಎಂದವನು ಇವನು. ಬಡವನ ಮನೆಯಲ್ಲೂ ಅರಮನೆಯಲ್ಲಿ ಆಡಿದ ಮಾತನ್ನೇ ಆಡಿದವನು. ಇವನ ಮಾತು ಕೇಳಿದವರು ಸಾವಿರ ಜನ. ಇವನನ್ನು ಕೇಳಿದವರು ಯಾರು?" ಎಲ್ಗುಜಾ ಅವರ ಗಲ್ಲದ ಮೇಲೆ ನೀರಿಳಿಯಿತು. ಮುಚ್ಚಿಕೊಳ್ಳಲಿಲ್ಲ, ಗೊಳೋ ಎಂದು ಅತ್ತರು. ತಾನೇ ಬರೆದದ್ದಕ್ಕೆ ತಾನೇ ಅಳುವುದು ಸುಲಭವಲ್ಲ, ಅದಕ್ಕೂ ದೊಡ್ಡ ಮನಸ್ಸು ಬೇಕು.

ಅಷ್ಟರಲ್ಲಿ ಚೀಸ್ ರೊಟ್ಟಿಯನ್ನು ನುಂಗಿ ಮುಗಿಸಿದ ಬಿಚಿಕೊ ಕೈಚಾಚಿ, ಕೊತ್ತಂಬರಿಯ ಗುಡ್ಡವನ್ನು ಒಂದೇ ಸಲ ಬಾಚಿ ಎತ್ತಿದ. "ನೋಡ್ರಪ್ಪಾ ನೋಡಿ! ಫೋನು! ಓದ್ತಾ ಇದಾನೆ! ಚೀಟಿಗಿಂತ ಕಡೆ! ನೋಡಿ ಎಲ್ಗುಜಾ ಅವರೇ!"

ಲಾಮಾರಾ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನಿಂತ ಹಾಗೇ ಕಲ್ಲಾದಳು. ಗೆರೊಂಟಿ ಮಗಳ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡ. ಎಲ್ಗುಜಾ ಮೂಗು ಒರೆಸಿಕೊಂಡು ನಿಧಾನವಾಗಿ ಎದ್ದರು. ಮೇಜು ಸುತ್ತಿ ಬಂದರು. ಫೋನನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ತಮ್ಮ ಕೋಟಿನ ಜೇಬಿಗೆ ಇಳಿಸಿದರು.

"ಓಹೋ, ನನ್ನ ಫೋನು ಇಲ್ಲಿತ್ತಾ! ಬೆಳಿಗ್ಗೆಯಿಂದ ಹುಡುಕ್ತಾ ಇದ್ದೆ."

"ಹೌದು ಹೌದು, ಹುಡುಕ್ತಾ ಇದ್ರು," ಎಂದು ಇಡೀ ಮೇಜು ಒಂದೇ ದನಿಯಲ್ಲಿ ಸಾಕ್ಷಿ ಹೇಳಿತು. "ಪಾಪ, ಎಷ್ಟು ಹುಡುಕಿದ್ರು!"

"ಕೇಳಿಸ್ಕೊಳ್ಳಿ ಎಲ್ಲರೂ," ಎಲ್ಗುಜಾ ಅವರ ದನಿ ಬೀದಿಯ ಕೊನೆಯವರೆಗೂ ಹೋಯಿತು. "ಮೂವತ್ತು ವರ್ಷದಿಂದ ಹೇಳ್ತಾ ಬಂದಿದೀನಿ, ಇವತ್ತು ಕಣ್ಣಾರೆ ಕಂಡೆ. ಇಂಥ ಮಾತು ಎದೆಯಿಂದ ಬರಬೇಕು. ಯಾವ ಚೀಟಿಯಿಂದಲೂ ಬರಲ್ಲ!"

"ಬರಲ್ಲ!" ಎಂದರು ಅರವತ್ತು ಜನ, ಫೋನುಗಳನ್ನು ತೊಡೆಯ ಕೆಳಗೆ ಸೇರಿಸುತ್ತಾ. ಬಿಚಿಕೊ ಕೊತ್ತಂಬರಿಯನ್ನು ಹಿಡಿದುಕೊಂಡೇ ಕುಳಿತ.

ಎಲ್ಗುಜಾ ಗೆರೊಂಟಿಯನ್ನು ಬಿಗಿಯಾಗಿ ಅಪ್ಪಿಕೊಂಡರು. ಅಪ್ಪಿಕೊಂಡು ಕಿವಿಯಲ್ಲಿ ಪಿಸುಗುಟ್ಟಿದರು. "ತಮಾದಾಗೆ ಅಂತ ಹೇಳೋ ಹಾರೈಕೆ ಬರೋದು ಕೊನೇಲಿ, ಬೀಗರೇ. ಅಷ್ಟೊತ್ತಿಗೆ ಅರ್ಧ ಜನ ಮೇಜಿನ ಮೇಲೆ ಮಲಗಿರ್ತಾರೆ, ಇನ್ನರ್ಧ ಕೆಳಗೆ. ಮೂವತ್ತು ವರ್ಷದಲ್ಲಿ ನನ್ನ ಬಗ್ಗೆ ಎಚ್ಚರ ಇರೋರ ಮುಂದೆ ಯಾರೂ ನಾಲ್ಕು ಒಳ್ಳೇ ಮಾತು ಆಡಿರ್ಲಿಲ್ಲ."

"ಆದ್ರೆ ಬೀಗರೇ, ಬರೆದದ್ದು ನೀವೇ ಅಲ್ವಾ?"

"ಬರೆಯೋದು ಯಾರು ಬೇಕಾದ್ರೂ ಬರೀತಾರೆ. ಮುಖ ನೋಡಿ ಹೇಳೋಕೆ ಒಬ್ಬ ಬೇಕು." ಅಪ್ಪುಗೆ ಇನ್ನಷ್ಟು ಬಿಗಿಯಾಯಿತು. "ಮದುವೆಗೂ ನೀವೇ ತಮಾದಾ. ಹೊಸ ಹಾಳೆ ತೆರೀರಿ. ಲಿಂಕು ನನಗೊಬ್ಬನಿಗೇ ಕಳಿಸಿ, ಆ ಜಿರಾಫೆ ಕೈಗೆ ಮಾತ್ರ ಸಿಗಬಾರದು."

"ಜಿರಾಫೆ ಯಾರು ಬೀಗರೇ?"

ಎಲ್ಗುಜಾ ಗೆರೊಂಟಿಯ ಭುಜದ ಮೇಲಿಂದ ಮೇಜಿನ ಆ ತುದಿಯ ಕಡೆ ಕಳ್ಳನೋಟ ಬೀರಿದರು. ಅಲ್ಲಿ ಗುಲಿಕೊ ಮಡಿಲಲ್ಲಿದ್ದ ಏನನ್ನೋ ನೋಡುತ್ತಾ, ಒಬ್ಬಳೇ ಮುಗುಳ್ನಗುತ್ತಾ, ಇನ್ನೂ ಬರೆಯುತ್ತಲೇ ಇದ್ದಳು.

"ನನ್ನ ಹೆಂಡತಿ," ಎಂದರು.